ದರ್ಜಿಯಕ್ಕನ ಅಳತೆ

ನನ್ನ ಬಟ್ಟೆ ಅಂಗಡಿಯ ಪಕ್ಕದ ದರ್ಜಿಯಕ್ಕನನ್ನು ಸರಕಿನಂತೆ ತೂಗಿದರೆ ಮೈ ಅರ್ಧ ಮೂಟೆ, ಬಾಯಿ ಎರಡು ಮೂಟೆ. ಜನ ಬಿಟ್ಟುಹೋದ ನಾಯಿಗಳನ್ನು ತನ್ನ ಅಂಗಡಿಯ ಹಿಂದೆ ಸಾಕಿ, ತಕ್ಕ ಮನೆ ಸಿಕ್ಕರೆ ಪುಕ್ಕಟೆ ಕೊಡುತ್ತಾಳೆ. ಆದರೆ ಕೇಳಿದವರ ನಡಿಗೆ ನೋಡದೆ ಕೊಡುವುದಿಲ್ಲ.

ಬಿದ್ದು ಸೊಂಟ ಮುರಿದುಕೊಂಡಿದ್ದ ನನ್ನ ತಾಯಿ, ಮೂಳೆ ಕೂಡಿದ ಮೇಲೂ ಹೆದರಿ ಹೊಸ್ತಿಲು ದಾಟುತ್ತಿರಲಿಲ್ಲ. ಜೊತೆಗಿರಲೆಂದು ಒಳ್ಳೆಯ ತಳಿಯ ಮರಿಯೊಂದನ್ನು ಫೋಟೋ ನೋಡಿಯೇ ಕೊಳ್ಳಲು ಹೊರಟೆ.

"ಬಟ್ಟೆನ ಹತ್ತು ಸಲ ಮುಟ್ಟಿ ನೋಡೋ ಸಾಹುಕಾರ್ರು, ನಾಯಿನ ಫೋಟೋದಲ್ಲೇ ಕೊಳ್ತೀರಾ? ಮರಿ ಎಳೆಯುತ್ತೆ, ಅಮ್ಮ ಮತ್ತೆ ಬೀಳ್ತಾರೆ," ಎಂದಳು ದರ್ಜಿಯಕ್ಕ.

ಅಂದೇ ಮನೆಗೆ ಬಂದು ಅಮ್ಮನನ್ನು ಕೋಣೆಯಲ್ಲಿ ನಡೆಸಿ ನೋಡಿದಳು. ಮರುದಿನ ಕುಂಟುವ ಮುದಿ ನಾಯಿಯೊಂದನ್ನು ಕರೆತಂದಳು.

"ಇದೇನಕ್ಕ, ಯಾರಿಗೂ ಬೇಡದ ಸರಕನ್ನ ನನಗೆ ಸಾಗಹಾಕ್ತಿದ್ದೀಯಾ?" ಎಂದೆ.

"ನಿಮಗಲ್ಲ, ಅಮ್ಮಂಗೆ. ನೀವು ಸುಮ್ನಿರಿ."

ನಾಯಿ ನಾಲ್ಕು ಹೆಜ್ಜೆ ಹಾಕಿ ನಿಂತಿತು. ಅಮ್ಮನೂ ನಾಲ್ಕು ಹೆಜ್ಜೆಗೆ ನಿಲ್ಲುವವಳೇ. "ಪಾಪ, ಇದಕ್ಕೂ ನನ್ನ ಹಾಗೇ ಸುಸ್ತು," ಎನ್ನುತ್ತ ಅದರ ಜೊತೆ ಬಾಗಿಲಾಚೆ ಕಾಲಿಟ್ಟಳು. ಈಗ ಇಬ್ಬರೂ ಬೀದಿಯ ಕೊನೆಯವರೆಗೆ ಹೋಗಿ ಬರುತ್ತಾರೆ.

ನನ್ನ ತಾಯಿ ಮತ್ತೆ ನಡೆಯುತ್ತಿರುವುದು ದರ್ಜಿಯಕ್ಕನಿಂದ. ಆ ಋಣ ನನ್ನ ಮೇಲಿದೆ.