ತೊಳೆಯದ ತೊಟ್ಟಿ

ನನ್ನ ಭಾವಮೈದುನನನ್ನು ಯಾರಾದರೂ ಸರಕೆಂದು ತಂದಿದ್ದರೆ ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದೆ. ಮೇಲ್ನೋಟಕ್ಕೆ ಮಾಲು ಚೆನ್ನ: ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ತೀಡಿದ ಕ್ರಾಪು. ಒಳಗೆ ಬರೀ ಪೊಳ್ಳು. ಹೆಂಡತಿಯ ತಮ್ಮನಾದ್ದರಿಂದ ವಾಪಸಿನ ಮಾತಿಲ್ಲ. ನನ್ನ ಅಲಂಕಾರದ ಮೀನಿನ ಅಂಗಡಿಯಲ್ಲಿ ತೊಟ್ಟಿ ತೊಳೆಯಲು ಹಚ್ಚಿದೆ.

ಅದರಲ್ಲೂ ಅವನದೊಂದು ಪದ್ಧತಿ. ನನ್ನ ಕುರ್ಚಿಯಿಂದ ಕಾಣುವ ಗಾಜುಗಳು ಫಳಫಳ. ಕುರ್ಚಿಯಿಂದ ಕಾಣದ್ದು ಅವನ ಪಾಲಿಗೆ ಈ ಲೋಕದಲ್ಲೇ ಇಲ್ಲ.

ಆ ವರ್ಷ ನನಗಿದ್ದದ್ದು ಮಸಿಬಾಲದ ಚಿಂತೆ. ಕಿರುಬೆರಳುದ್ದದ ಮೀನು, ಬಾಲದ ತುದಿಗೆ ಮಸಿ ಒರೆಸಿದಂಥ ಕಪ್ಪು. ಊರಾಚೆಯ ಹಳ್ಳವೊಂದನ್ನು ಬಿಟ್ಟರೆ ಬೇರೆಲ್ಲೂ ನಾನದನ್ನು ಕಂಡಿರಲಿಲ್ಲ. ಆ ಹಳ್ಳವನ್ನು ಪೈಪಿಗೆ ತುರುಕಿ ಮೇಲೆ ರಸ್ತೆ ಹಾಕಿದರು. ನನ್ನಲ್ಲಿದ್ದ ಕೆಲವು ಮೀನು ಮರಿ ಮಾಡದಿದ್ದರೆ ಅದರ ವಂಶ ಅಲ್ಲಿಗೆ ಮುಗಿಯಿತು. ಅವುಗಳ ಗಾಜಿನ ತೊಟ್ಟಿಗೆ ಬಿಳಿ ಮರಳು ಹಾಸಿದೆ, ಹೊಸ ಫಿಲ್ಟರು, ಕಣ್ಣು ಕುಕ್ಕುವ ದೀಪ ಹಾಕಿಸಿದೆ. ಮೀನುಗಳು ಬಣ್ಣ ಬಿಟ್ಟು ಮೂಲೆ ಸೇರಿದವು. ಗಾಜಿಗೆ ಅಂಟಿಸಿದ ಮೊಟ್ಟೆಗಳನ್ನು ತಾವೇ ನುಂಗಿದವು. ತೀರಾ ಸೊರಗಿದವನ್ನು ಹಿತ್ತಲಿನ ಸಿಮೆಂಟು ತೊಟ್ಟಿಗೆ ಬಿಡಿಸಿದೆ.

“ಹಿತ್ತಲಿನ ತೊಟ್ಟಿ ತೊಳೆದ್ಯೇನೋ?”

“ಫಸ್ಟ್ ಕ್ಲಾಸಾಗಿ ತೊಳೆದೆ ಭಾವ. ಮುಖ ನೋಡ್ಕೋಬಹುದು.”

ತಿಂಗಳುಗಟ್ಟಲೆ ಇದೇ ಉತ್ತರ. ಕೊನೆಗೆ ಸುಳ್ಳನ್ನು ಜುಟ್ಟು ಹಿಡಿದೇ ಎಳೆಯೋಣವೆಂದು ಹಿತ್ತಲಿಗೆ ಹೋದೆ. ಪಕ್ಕದ ಮನೆಯ ಮರದ ಎಲೆ ಉದುರಿ ಕೊಳೆತು, ತೊಟ್ಟಿಯ ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತ್ತು. ಅಷ್ಟೂ ನೀರು ಚೆಲ್ಲಿಬಿಡಲು ಕೈ ಹಾಕಿದಾಗ ಎಲೆಯೊಂದು ಮಗುಚಿತು. ಅದರ ಅಡಿಯಲ್ಲಿ ಗಸಗಸೆಯಂಥ ಮೊಟ್ಟೆಗಳು! ಗಂಡು ಮಸಿಬಾಲ ಮೈತುಂಬ ಬಣ್ಣ ಹೊತ್ತು, ಓಡದೆ, ರೆಕ್ಕೆ ಬೀಸುತ್ತ ಕಾವಲು ನಿಂತಿತ್ತು. ರೆಪ್ಪೆಗೂದಲಷ್ಟು ಸಣ್ಣ ಮರಿಗಳು ಕೊಳೆತ ಎಲೆಯ ಲೋಳೆಯನ್ನು ಮೇಯುತ್ತಿದ್ದವು. ಹಳ್ಳದಲ್ಲಿ ಇದ್ದದ್ದೂ ಇಷ್ಟೇ: ನೆರಳು, ಕೊಳೆತ ಎಲೆ, ಕಂದು ನೀರು.

“ಇದಕ್ಕೇ ಭಾವ, ನಾನು ತೊಳೀದೆ ಬಿಟ್ಟಿದ್ದು.” ಬೆನ್ನ ಹಿಂದಿನಿಂದ ಮಹಾಶಯನ ದನಿ.

“ನಿನ್ನೆ ತೊಳೆದೆ ಅಂದ್ಯಲ್ಲೋ?”

“ಅದು ನಿಮ್ಮ ಸಮಾಧಾನಕ್ಕೆ.”

ಗದ್ದಲ ಕೇಳಿ ಬಂದ ನನ್ನ ಹೆಂಡತಿ ಮರಿಗಳನ್ನು ನೋಡಿ ಅರಳಿದಳು. “ನೋಡಿದ್ರಾ? ನನ್ನ ತಮ್ಮ ಸುಮ್ನೆ ಕೂತಿದ್ರೂ ಒಂದು ಕೆಲಸ ಆಗಿರುತ್ತೆ.”

ಹೊಗಳಿಕೆ ತಲೆಗೇರಿತು. ಜನ್ಮದಲ್ಲಿ ಮೊದಲ ಬಾರಿಗೆ ಅವನು ತಾನಾಗಿ ಬ್ರಷ್ ಎತ್ತಿಕೊಂಡ. “ಇವತ್ತು ನಿಜವಾಗ್ಲೂ ತೊಳೆದುಬಿಡ್ತೀನಿ ಭಾವ.”

“ಮುಟ್ಟಿದ್ರೆ ಕೈ ಮುರೀತೀನಿ! ಕೂತ್ಕೋ!”

ಕೂತ. ಆ ಒಂದು ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ.

ಅವನು ಸೋಮಾರಿ, ಸುಳ್ಳುಗಾರ. ಈ ಅಭಿಪ್ರಾಯ ಬದಲಿಸಲು ನನಗೆ ಇನ್ನೂ ಕಾರಣ ಸಿಕ್ಕಿಲ್ಲ. ಆದರೆ ಇಂದು ನನ್ನ ತೊಟ್ಟಿಗಳಲ್ಲಿ ಈಜುವ ಮಸಿಬಾಲಗಳಷ್ಟೂ ಉಳಿದದ್ದು ಅವನಿಂದ. ಆ ಋಣ ನನ್ನ ಮೇಲಿದೆ.