ಜೇಬಿನಲ್ಲಿದ್ದ ಹಳದಿ ತೋಟೆ

ಕಾಲಿನ್ ಸಾಹೇಬರ ಎಡಗೈಯ ಎರಡು ಬೆರಳು ಹೋದದ್ದು ನನ್ನಿಂದ. ಸಂಜೀವಣ್ಣನಿಂದ ಅಲ್ಲ. ಸಂಜೀವಣ್ಣನ ಕಣ್ಣಿನಿಂದ ಅಂತೂ ಅಲ್ಲವೇ ಅಲ್ಲ — ಆ ಕಣ್ಣಿಗೆ ಏನೂ ಆಗಿರಲಿಲ್ಲ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆಂದು ಇಟ್ಟುಕೊಂಡರೆ ನಡುವೆ ಎಲ್ಲೋ ಒಂದು ಕಡೆ ಮತ್ತೆ ಜಾರಿಕೊಳ್ಳುತ್ತೇನೆ. ಜಾರಿಕೊಳ್ಳುವುದರಲ್ಲಿ ನಾನು ಚೆನ್ನಾಗಿ ಪಳಗಿದವನು.

ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ಹಸಿ ಹೆಂಚು ಹೊತ್ತು ದೊಡ್ಡವನಾದೆ. ಓದಿದವರ ಎದುರು ಕೂತು ಮಾತಾಡಲು ನನಗೆ ಬರುವುದಿಲ್ಲ. ಆದರೆ ಕೆಲಸದಲ್ಲಿ ನನ್ನ ಕೈ ಹಿಡಿದು ‘ಇದು ತಪ್ಪು’ ಎಂದವರಿರಲಿಲ್ಲ — ಅದೇ ನನ್ನ ಆಸ್ತಿ, ಅದೇ ನನ್ನ ಸೊಕ್ಕು. ಈಗಲೂ... ಇರಲಿ, ಆ ಮಾತು ಮುಂದೆ ಬರುತ್ತದೆ.

ಒಮಾನಿಗೆ ನನ್ನನ್ನು ಕರೆಸಿಕೊಂಡವರು ಸಂಜೀವಣ್ಣ. ಮೂಲ್ಕಿ ಕಡೆಯವರು, ನನಗಿಂತ ತುಂಬ ಹಿರಿಯರು, ಸಂಬಂಧಿಕರೇನಲ್ಲ. ರಜೆಯಲ್ಲಿ ಊರಿಗೆ ಬಂದಿದ್ದಾಗ ಕಾರ್ಖಾನೆಯ ಎದುರಿನ ಹೋಟೆಲಿನಲ್ಲಿ ಪರಿಚಯವಾಗಿ, ತಿರುಗಿ ಹೋದ ಮೇಲೆ ತಮ್ಮ ಕಫೀಲ್‌ನ, ಎಂದರೆ ವೀಸಾ ಕೊಟ್ಟು ಇಟ್ಟುಕೊಳ್ಳುವ ಅಲ್ಲಿನ ಧಣಿಯ, ಬೆನ್ನು ಹತ್ತಿ ನನಗೊಂದು ವೀಸಾ ಮಾಡಿಸಿದರು. ಅಲ್ ಗುಬ್ರಾದಲ್ಲಿ ಇಬ್ಬರಿಗೂ ಒಂದೇ ಕೋಣೆ. ಅವರು ಅನ್ನಕ್ಕಿಟ್ಟರೆ ನಾನು ಮೀನು ತೊಳೆಯುವುದು. ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎಂಬತ್ತರ ದಶಕದ ಕೊನೆಯ ಮಾತಿದು.

ವಾರವಿಡೀ ಕಫೀಲ್‌ನ ಗೋದಾಮಿನಲ್ಲಿ ದುಡಿಮೆ. ಶುಕ್ರವಾರ ಬೆಳಿಗ್ಗೆ ಮಾತ್ರ ನಮ್ಮಿಬ್ಬರನ್ನು ಪಿಕಪ್ಪಿನಲ್ಲಿ ಪಟ್ಟಣದ ಹೊರಗೆ ಮಬೇಲಾದಿಂದಲೂ ಆಚೆ, ಬ್ರಿಟಿಷರ ಕೋವಿ ಕ್ಲಬ್ಬಿಗೆ ಕಳುಹಿಸುತ್ತಿದ್ದ. ಈಗ ಆ ಕಡೆಯೆಲ್ಲ ಮನೆ, ಗ್ಯಾರೇಜು, ಅಂಗಡಿ ಆಗಿವೆಯಂತೆ. ಆಗ ಬರೀ ಜಲ್ಲಿಕಲ್ಲಿನ ಬಯಲು, ದೂರದಲ್ಲಿ ಬೋಳು ಗುಡ್ಡ.

ಆ ಬಯಲಿನಲ್ಲಿ ಸಾಹೇಬರುಗಳು ತಮ್ಮ ಊರನ್ನು ಕಟ್ಟಿಕೊಂಡಿದ್ದರು. ಮರದ ಒಂದು ಶೆಡ್ಡು. ಒಳಗೆ ಹುಲ್ಲು ತುಂಬಿ ನಿಲ್ಲಿಸಿದ ಉದ್ದ ಬಾಲದ ಹಕ್ಕಿ, ಕುದುರೆ ನಾಯಿಗಳ ಪಟ, ಓದಿ ಓದಿ ಮೂಲೆ ಮಡಚಿದ ಕೋವಿ ಮ್ಯಾಗಜೀನುಗಳು. ಬಾಗಿಲ ಬುಡದಲ್ಲಿ ಬೂಟಿನ ಕೆಸರು ಕೆರೆಯುವುದಕ್ಕೆ ಒಂದು ಕಬ್ಬಿಣದ ಪಟ್ಟಿ. ಕೆಸರು ಎಲ್ಲಿಂದ ಬರಬೇಕು ಅಲ್ಲಿ? ಆದರೂ ಒಳಗೆ ಬರುವಾಗ ಒಮ್ಮೆ ಬೂಟು ಉಜ್ಜಿಯೇ ಬರುತ್ತಿದ್ದರು. ನಾನು ನಕ್ಕರೆ ಸಂಜೀವಣ್ಣ, “ನೀನು ಅಮ್ಮ ಕಳ್ಸಿದ ಮೆಣಸಿನ ಪುಡಿ ಡಬ್ಬ ದಿನಾ ಮೂಸುದಿಲ್ವಾ ಮಾರಾಯ? ಹಾಗೆ ಅದು” ಎನ್ನುತ್ತಿದ್ದರು.

ಅಲ್ಲಿ ಜೀವವಿರುವ ಹಕ್ಕಿಗೆ ಯಾರೂ ಗುಂಡು ಹೊಡೆಯುತ್ತಿರಲಿಲ್ಲ. ಕಿತ್ತಳೆ ಬಣ್ಣದ ತಟ್ಟೆಗಳನ್ನು ಒಂದು ಯಂತ್ರ ಆಕಾಶಕ್ಕೆ ಎಸೆಯುತ್ತಿತ್ತು. ಹಾರುವಾಗ ಹೊಡೆದು ಪುಡಿ ಮಾಡಬೇಕು. ಸಾಹೇಬರು ‘ಪುಲ್’ ಎಂದಾಗ ಯಂತ್ರದ ಹಗ್ಗ ಎಳೆಯುವುದು, ಒಂದು ತಂಡ ಮುಗಿದಾಗ ನಿಂತ ಜಾಗದಲ್ಲಿ ಬಿದ್ದದ್ದನ್ನು ಹೆಕ್ಕುವುದು ನನ್ನ ಕೆಲಸ. ಕೋವಿಯ ಕಪಾಟು, ಕೋವಿಗೆ ತುಂಬುವ ತೋಟೆಯ ಪೆಟ್ಟಿಗೆ ಸಂಜೀವಣ್ಣನ ಜವಾಬ್ದಾರಿ. ಯಾರಿಗೆ ಯಾವ ತೋಟೆ ಎಂದು ಚೀಲಕ್ಕೆ ತುಂಬಿಸಿ ಕೊಡುವವರು ಅವರೇ.

ತೋಟೆಯಲ್ಲಿ ಎರಡು ಜಾತಿ. ಗಂಡಸರ ದೊಡ್ಡ ಕೋವಿಗೆ ಕೆಂಪು. ಹೆಂಗಸರು ಹಿಡಿಯುವ, ತೆಳು ನಳಿಗೆಯ ಸಪುರ ಕೋವಿಗೆ ಹಳದಿ. ಹಳದಿಯದ್ದು ಗಾತ್ರದಲ್ಲಿ ಸಣ್ಣದು. ಅದು ಅಪ್ಪಿತಪ್ಪಿ ದೊಡ್ಡ ಕೋವಿಗೆ ಬಿದ್ದರೆ ಒಳಕ್ಕೆ ಜಾರಿ ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಕೋವಿ ಖಾಲಿಯೇ. ಹೊಡೆಯುವವನು ತುಂಬಿಸಲು ಮರೆತೆ ಎಂದುಕೊಂಡು ಇನ್ನೊಂದು ತೋಟೆ ಹಾಕಿ ಕೋವಿಯ ಕುದುರೆ ಎಳೆದರೆ... ಹಿಂದಿನ ಗುಂಡಿಗೆ ಹೋಗಲು ದಾರಿಯಿಲ್ಲ, ನಳಿಗೆಯೇ ಸಿಡಿಯುತ್ತದೆ.

ಅದಕ್ಕೇ ಸಂಜೀವಣ್ಣ ಒಂದು ಪದ್ಧತಿ ಮಾಡಿದ್ದರು. ಒಂದು ತಂಡ ಮುಗಿದ ಕೂಡಲೇ ನಾನು ಜೇಬುಗಳನ್ನು ಹೊರಗೆಳೆದು ತೋರಿಸಬೇಕು. ಹೆಕ್ಕಿದ್ದರಲ್ಲಿ ಹೊಡೆಯದೆ ಉಳಿದ ತೋಟೆಯಿದ್ದರೆ ಅವರ ಡಬ್ಬಕ್ಕೆ ಹಾಕಬೇಕು, ಅವರೇ ಬೇರೆ ಮಾಡುತ್ತಾರೆ. ನನಗೆ ಅದು ಬಳಪ ಕದ್ದ ಹುಡುಗನ ಜೇಬು ಮಾಸ್ಟ್ರು ತಡಕಿದ ಹಾಗೆ ಆಗುತ್ತಿತ್ತು. ಒಮ್ಮೆ ಕೇಳಿಯೇಬಿಟ್ಟೆ, ನಾನೇನು ಕಳ್ಳನಾ ಎಂದು.

“ಕಳ್ಳ ಅಲ್ಲ ಮಾರಾಯ, ಕೈ. ಕೈಗೆ ಮರೆವು ಜಾಸ್ತಿ. ಇಕೊ, ನಂದೂ ನೋಡು,” ಎಂದು ತಮ್ಮ ಎರಡೂ ಜೇಬು ಹೊರಗೆಳೆದು ಆನೆಕಿವಿಯ ಹಾಗೆ ಬಿಟ್ಟುಕೊಂಡು ನಿಂತರು.

ನಾನು ನಗಲಿಲ್ಲ. ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಎರಡನ್ನೂ ಬೇರೆ ಮಾಡಬಲ್ಲೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮಾಡಬಲ್ಲವನೂ ಆಗಿದ್ದೆ — ಆ ಒಂದು ಶುಕ್ರವಾರದ ತನಕ.

ಆ ದಿನ ಚಳಿಗಾಲದ ಒಳ್ಳೆಯ ಬೆಳಗು, ಜನ ಹೆಚ್ಚು. ಕಾಲಿನ್ ಸಾಹೇಬರ ಹೆಂಡತಿ ತಮ್ಮ ಸಪುರ ಕೋವಿಯಲ್ಲಿ ಆಡಿ ಮುಗಿಸಿದ್ದರು. ಅವರು ನಿಂತಲ್ಲಿ ಹೊಡೆಯದೆ ಬಿದ್ದಿದ್ದ ತೋಟೆಗಳನ್ನು ಹೆಕ್ಕಿ ಏಪ್ರನ್ನಿನ ಜೇಬಿಗೆ ಹಾಕಿದೆ. ಅದೇ ಜೇಬಿನಲ್ಲಿ ಹಿಂದಿನ ತಂಡದ, ಡಬ್ಬಕ್ಕೆ ಹಾಕದೆ ಉಳಿದ ಕೆಂಪು ತೋಟೆಗಳೂ ಇದ್ದವು. ಸಂಜೀವಣ್ಣ ಶೆಡ್ಡಿನೊಳಗೆ ಯಾರದೋ ಕೋವಿಯನ್ನು ಕಪಾಟಿನಿಂದ ಇಳಿಸುತ್ತಿದ್ದರು. ಮುಂದಿನ ಸರದಿ ಕಾಲಿನ್ ಸಾಹೇಬರದು. ಅವರ ಚೀಲ ಮೇಜಿನ ಮೇಲೆ ಅರ್ಧ ತುಂಬಿತ್ತು. ಆ ಅರ್ಧ ತುಂಬಿಸಿದ್ದು ಸಂಜೀವಣ್ಣ. ಸಾಹೇಬರುಗಳು ಅವಸರ ಮಾಡುತ್ತಿದ್ದರು. ನಾನು ದಾಟಿ ಹೋಗುತ್ತ ಜೇಬಿನಿಂದ ಮೇಲಿಂದ ಮೇಲೆ ಎರಡು ಹಿಡಿ ಸುರಿದು, ‘ರೆಡಿ ಸರ್’ ಎಂದೆ. ಡಬ್ಬಕ್ಕೆ ಹಾಕಲಿಲ್ಲ. ಜೇಬು ತೋರಿಸಲಿಲ್ಲ. ಕಣ್ಣಿಂದಲೂ ನೋಡಲಿಲ್ಲ. ಅದು ಆಗ ನನಗೆ ದೊಡ್ಡಸ್ತಿಕೆ.

ಕಾಲಿನ್ ಸಾಹೇಬರು ಹಳದಿ ಗಾಜಿನ ಕನ್ನಡಕ ಹಾಕುತ್ತಿದ್ದರು. ಚೀಲಕ್ಕೆ ಕೈ ಹಾಕುವಾಗಲೂ ಅವರ ನೋಟ ಆಕಾಶದಲ್ಲೇ. ‘ಪುಲ್’ ಎಂದರು. ನಾನು ಎಳೆದೆ. ಕೋವಿ ಕಟಕ್ ಎಂದಿತು ಅಷ್ಟೆ. ತಟ್ಟೆ ಹಾಗೆಯೇ ಹಾರಿ ದೂರದಲ್ಲಿ ಬಿತ್ತು. ಅವರು ಕೋವಿ ಮಡಚಿ ನೋಡಿ, ತಮ್ಮ ಮರೆವಿಗೆ ತಾವೇ ನಕ್ಕು, ಇನ್ನೊಂದು ತೋಟೆ ಹಾಕಿ ಮತ್ತೆ ‘ಪುಲ್’ ಎಂದರು. ಮತ್ತೆ ನಾನೇ ಎಳೆದೆ.

ಆ ಸದ್ದು ಬೇರೆ. ಅದನ್ನು ಬರೆಯಲು ನನಗೆ ಬರುವುದಿಲ್ಲ.

ಕಾಲಿನ್ ಸಾಹೇಬರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಲೆ ಉಳಿದವರು ಸೀಳಿಹೋದ ನಳಿಗೆಯನ್ನು ನೋಡಿದರು. ಹಳದಿ ಚೂರು ಅಂಟಿಕೊಂಡಿತ್ತು. ಕ್ಲಬ್ಬಿನ ಹಿರಿಯ ಸಾಹೇಬರು ದನಿ ಏರಿಸದೆ ಕೇಳಿದರು, ಈ ಚೀಲ ತುಂಬಿಸಿದ್ದು ಯಾರು ಎಂದು. ನನ್ನ ಬಾಯಿ ತೆರೆದಿತ್ತು — ಇದನ್ನು ಆಣೆ ಮಾಡಿ ಹೇಳಬಲ್ಲೆ — ಆದರೆ ಅದರಿಂದ ಮಾತು ಹೊರಡುವ ಮೊದಲೇ ಸಂಜೀವಣ್ಣ ಎರಡು ಹೆಜ್ಜೆ ಮುಂದೆ ಬಂದು, ‘ನಾನು ಸರ್’ ಎಂದರು. ಅವರಿಗೆ ಗೊತ್ತಿದ್ದದ್ದು ತಾವು ತುಂಬಿಸಿದ್ದು ಅಷ್ಟೇ, ಮೇಲಿಂದ ನಾನು ಸುರಿದದ್ದನ್ನು ಅವರು ನೋಡಿರಲಿಲ್ಲ. ನಾನು ಬಾಯಿ ಮುಚ್ಚಿದೆ.

ಅಷ್ಟಕ್ಕೇ ನಿಂತಿದ್ದರೆ ಇದನ್ನು ಹೇಡಿತನ ಎಂದು ಬರೆದು ಮುಗಿಸಬಹುದಿತ್ತು.

ಸಂಜೆ ಪಿಕಪ್ಪಿನ ಹಿಂದೆ ಇಬ್ಬರೇ ಕೂತಿದ್ದೆವು. ಅವರು ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ತಲೆ ಎತ್ತದೆಯೇ ಕೇಳಿದರು: “ಹಳದಿ ನನ್ನ ಕಣ್ಣಿಗೆ ಬೀಳ್ಲಿಲ್ಲ ಅಂದ್ರೆ ಎಂತ ಅದು? ನಿಂಗೇನಾದ್ರೂ ಗೊತ್ತುಂಟಾ?”

ಕೇಳಿದ್ದು ಗೆಳೆಯನ ಹಾಗೆ. ಸಂಶಯ ಇರಲಿಲ್ಲ. ನಾನು ಹೇಳಿದೆ: “ನಿಮ್ಮ ಕಣ್ಣು ಈಗ ಮೊದಲಿನ ಹಾಗಿಲ್ಲ ಅಣ್ಣ. ಎರಡು ಮೂರು ಸಲ ನಾನೇ ನೋಡಿದ್ದೇನೆ, ನೀವು ತಪ್ಪಿ ಹಾಕುದನ್ನು. ಹೇಳ್ಲಿಕ್ಕೆ ಮನಸ್ಸಾಗ್ಲಿಲ್ಲ.”

ನಾನು ನೋಡಿರಲಿಲ್ಲ. ಒಂದು ಸಲವೂ ನೋಡಿರಲಿಲ್ಲ.

ವೀಸಾ ಹೋಗುತ್ತದೆಂದು ಹೆದರಿ ಹಾಗೆ ಹೇಳಿದೆ ಎಂದು ಬರೆದರೆ ನೀವು ನಂಬುತ್ತೀರಿ. ನಂಬಬೇಡಿ. ಕಾಲಿನ್ ಸಾಹೇಬರು ಆಸ್ಪತ್ರೆಯಿಂದಲೇ ಹೇಳಿಕಳುಹಿಸಿದ್ದರು, ಇದಕ್ಕಾಗಿ ಯಾರ ಕೆಲಸವೂ ಹೋಗಬಾರದು ಎಂದು. ಆ ಮಾತು ತಿಳಿದ ಮೇಲೂ ನಾನು ಬಾಯಿ ಬಿಡಲಿಲ್ಲವಲ್ಲ. ನನ್ನ ಕೈ ತಪ್ಪು ಮಾಡುವುದಿಲ್ಲ — ಅದೊಂದನ್ನು ಉಳಿಸಿಕೊಳ್ಳಲು ಒಬ್ಬ ಮನುಷ್ಯನ ಕಣ್ಣನ್ನೇ ತೆಗೆದುಕೊಂಡೆ.

ಯಾರೂ ಕಳುಹಿಸದೆ ಸಂಜೀವಣ್ಣ ತಾವಾಗಿ ಊರಿಗೆ ಹೊರಟರು. ಕಪಾಟಿನ ಬೀಗದಕೈ ನನ್ನ ಕೈಗೆ ಕೊಟ್ಟು, “ನಿಂಗೆ ಜಾಗ್ರತೆ ಉಂಟು. ನಂದು ಖಲಾಸ್” ಎಂದರು.

ಊರಿಗೆ ಬಂದು ಹಾರ್ಡ್‌ವೇರ್ ಅಂಗಡಿ ಇಡುವುದು ಅವರ ಬಹುಕಾಲದ ಆಸೆ. ಬೋಲ್ಟು, ನಟ್ಟು, ಪೈಪಿನ ತುಂಡು — ಕೋಣೆಯಲ್ಲಿ ಮಲಗಿ ಕಪಾಟು ಎಲ್ಲಿ, ತಕ್ಕಡಿ ಎಲ್ಲಿ ಎಂದು ಹೇಳುತ್ತಿದ್ದರು. ಇಡಲಿಲ್ಲ. ಅಳತೆ ತಪ್ಪಿ ಕೊಟ್ಟರೆ ಎಂಬ ಹೆದರಿಕೆ. ಒಂದು ಐಸ್ ಫ್ಯಾಕ್ಟರಿಯ ಗೇಟಿನಲ್ಲಿ ಕೂತು ವಯಸ್ಸು ಕಳೆದರು. ಮಗಳು ಮಂಗಳೂರಿಗೆ ಕರೆದೊಯ್ದು ಕಣ್ಣು ತೋರಿಸಿದಳು. ವಯಸ್ಸಿಗೆ ತಕ್ಕ ಕನ್ನಡಕ ಸಾಕು, ಕಣ್ಣು ಚೆನ್ನಾಗಿದೆ ಎಂದರು ಡಾಕ್ಟರು. ಸಂಜೀವಣ್ಣ ಡಾಕ್ಟರನ್ನು ನಂಬಲಿಲ್ಲ. ನನ್ನನ್ನು ನಂಬಿದರು. ಬಸ್‌ಸ್ಟಾಪಿನಲ್ಲಿ ನಿಂತು, ಬೋರ್ಡು ಎದುರಿಗೇ ಇದ್ದರೂ, ಪಕ್ಕದವರನ್ನು ಕೇಳುವ ಅಭ್ಯಾಸ ಆಯಿತು.

ನಾನು? ತೊಂಬತ್ತರ ದಶಕದ ಅರ್ಧದವರೆಗೂ ಕ್ಲಬ್ಬಿನ ಬೀಗದಕೈ ನನ್ನ ಸೊಂಟದಲ್ಲಿತ್ತು. ನನ್ನ ಕೈಕೆಳಗಿನವರ ಜೇಬುಗಳನ್ನು ಬಿಡದೆ ನೋಡುತ್ತಿದ್ದೆ. ಸಾಹೇಬರುಗಳು ಅದನ್ನು ನನ್ನ ಹೆಸರು ಹಿಡಿದು, ಅವನ ಪದ್ಧತಿ ಎನ್ನುತ್ತಿದ್ದರು. ಅಲ್ಲ ಸರ್, ಅದು ಸಂಜೀವಣ್ಣನದು ಎನ್ನಲು ಎಷ್ಟು ಉಸಿರು ಬೇಕಿತ್ತು? ಅದನ್ನೂ ಹೇಳಲಿಲ್ಲ.

ಇನ್ನೊಂದಿದೆ. ಇದನ್ನು ಬರೆಯಲು ಕೈ ಬರುವುದಿಲ್ಲ.

ಕಾಲಿನ್ ಸಾಹೇಬರು ಗಾಯ ಮಾಗಿದ ಮೇಲೆ ತಿರುಗಿ ಕ್ಲಬ್ಬಿಗೆ ಬಂದರು. ಉಳಿದ ಬೆರಳಲ್ಲೇ ಕೋವಿ ಹಿಡಿಯಲು ಕಲಿತರು. ನಾನು ರಜೆಗೆ ಹೊರಟಾಗ ತಮ್ಮ ಉಣ್ಣೆಯ ಟೋಪಿ ತೆಗೆದು ಕೊಟ್ಟರು — ಅವರ ಊರಿನ ಹಳ್ಳಿಗರು ಬೇಟೆಗೆ ಹೋಗುವಾಗ ಇಡುವ, ಮುಂದೆ ಸಣ್ಣ ಚುಂಚು ಇರುವ ಟೋಪಿ. ಸಂಜೀವ್‌ಗೆ ಕೊಡು, ನನಗೆ ಅವನ ಮೇಲೆ ಏನೂ ಇಲ್ಲವೆಂದು ಹೇಳು ಎಂದರು.

ಬೆರಳು ಕಳೆದುಕೊಂಡವನ ಕ್ಷಮೆಯನ್ನು, ಆ ಬೆರಳು ಕಳೆದ ನಾನೇ, ತಪ್ಪು ಮಾಡದವನಿಗೆ ಮುಟ್ಟಿಸಿದೆ. ಸಂಜೀವಣ್ಣ ಟೋಪಿಯನ್ನು ಕಣ್ಣಿಗೆ ಒತ್ತಿಕೊಂಡು ಗೋಡೆಯ ಮೊಳೆಗೆ ತೂಗುಹಾಕಿದರು. ಅವರ ಹೆಂಡತಿ ನನಗೆ ಊಟ ಬಡಿಸಿದರು. ಉಂಡೆ.

ಈಗ ನನ್ನ ಕಣ್ಣಿಗೆ ನಿಜವಾಗಿಯೂ ಪೊರೆ ಬಂದಿದೆ. ಹೋದ ತಿಂಗಳು ಡಾಕ್ಟರು ಗೋಡೆಯ ಅಕ್ಷರ ಓದಿಸಿದರು. ಕಾಣುವುದಿಲ್ಲ ಎಂದೆ, ಬರೆದುಕೊಂಡರು. ಕಾಣುವುದಿಲ್ಲ ಎಂದರೆ ಸಾಕು, ಜನ ನಂಬುತ್ತಾರೆ... ಅಲ್ಲಿಂದ ಮನೆಗೆ ಹೋಗಲಾಗಲಿಲ್ಲ. ಮೂಲ್ಕಿಯ ಬಸ್ಸು ಹತ್ತಿದೆ.

ಸಂಜೀವಣ್ಣ ಮಗಳ ಮನೆಯ ಜಗಲಿಯಲ್ಲಿದ್ದರು. ಎಂಬತ್ತು ದಾಟಿದ ಜೀವ. ಕೂರುವ ಮೊದಲೇ ಹೇಳಿದೆ: “ಅಣ್ಣ, ಆ ಹಳದಿ ತೋಟೆ ನನ್ನ ಜೇಬಿನಿಂದ ಬಂದದ್ದು. ನೀವು ತುಂಬಿಸಿದ ಚೀಲಕ್ಕೆ ಮೇಲಿಂದ ಹಾಕಿದ್ದು ನಾನು.”

ಅವರು ನನ್ನ ಕಡೆ ತಿರುಗಿದರು. ರಸ್ತೆಯಲ್ಲಿ ಲಾರಿಯೊಂದು ಹೋಯಿತು. ಆಮೇಲೆ ಕೇಳಿದರು, “ಎರಡು ಮೂರು ಸಲ ನೋಡಿದ್ದೇನೆ ಅಂದಿದ್ದಿಯಲ್ಲ?”

“ನೋಡಿರ್ಲಿಲ್ಲ.”

“ಹಾಗಾದ್ರೆ... ಡಾಕ್ಟ್ರು ಹೇಳಿದ್ದು ಸರಿಯಾ?”

“ಸರಿ ಅಣ್ಣ.”

ಬೈಯುತ್ತಾರೆಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆ ಹಗುರವನ್ನು ಅವರು ಕೊಡಲಿಲ್ಲ. ನಿಧಾನಕ್ಕೆ ಎದ್ದು ಒಳಗೆ ಹೋಗಿ ಟೋಪಿ ತಂದು ನನ್ನ ಕೈಯಲ್ಲಿಟ್ಟರು. “ಇದು ನಂಗೆ ಬಂದದ್ದಲ್ಲ” ಎಂದರು. ಇನ್ನು ಹೋಗು ಎಂದು ಬಾಯಿಬಿಟ್ಟು ಹೇಳಲಿಲ್ಲ. ಚಪ್ಪಲಿ ಮೆಟ್ಟಿ ಗೇಟಿನ ತನಕ ಬಂದರು.

ರಸ್ತೆಯ ತಿರುವಿನಲ್ಲಿ ಬಸ್ಸು ಕಾಣಿಸಿತು. ನನಗೆ ಮಸುಕಾದ ಒಂದು ದೊಡ್ಡ ಆಕಾರ ಮಾತ್ರ. ಸಂಜೀವಣ್ಣ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. ಯಾರನ್ನೂ ಕೇಳಲಿಲ್ಲ.

“ಮಂಗಳೂರು,” ಎಂದರು. “ನಿಂದೇ. ಹತ್ತು.”

ಟೋಪಿ ಈಗ ನನ್ನಲ್ಲಿದೆ. ಕಾಲಿನ್ ಸಾಹೇಬರು ಯಾವ ಊರಿನಲ್ಲಿದ್ದಾರೋ, ಇದ್ದಾರೋ ಇಲ್ಲವೋ, ಹಳೆಯ ಕೆಲವರಿಗೆ ಹೇಳಿ ಹುಡುಕಿಸುತ್ತಿದ್ದೇನೆ. ಸಿಕ್ಕರೆ ತಿರುಗಿ ಕಳುಹಿಸುತ್ತೇನೆ, ಯಾಕೆಂದು ಹೇಳಿ. ಅಲ್ಲಿಯವರೆಗೆ ಅದನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ. ತಲೆಗೆ ಇಟ್ಟು ನೋಡಿಲ್ಲ.