ಚೀಟಿ ಕಿಟಕಿಯ ಸಾಹೇಬರು

ಇಂಗ್ಲಿಷೇ ರಾಜ್ಯದ ಆಡಳಿತ ಭಾಷೆ ಎಂದು ಆದೇಶವಾದ ಮಾತ್ರಕ್ಕೆ ರೋಗಿಗಳು ಇಂಗ್ಲಿಷಿನಲ್ಲಿ ನರಳುವುದಿಲ್ಲ. ಆದರೂ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿಯ ಸಾಹೇಬರಿಗೆ ಅಂದಿನಿಂದ ಮನೆಮಾತು ಕಿವಿಗೇ ಬೀಳುವುದಿಲ್ಲ. ಗೋಡೆಯ ಹಲ್ಲಿಯನ್ನೂ "ಗೆಟ್ ಔಟ್" ಎಂದೇ ಓಡಿಸುತ್ತಾರೆ. ಹೊಟ್ಟೆ ಹಿಡಿದುಕೊಂಡು ಬಂದವರಿಗೆ "ಟೆಲ್ ಇನ್ ಇಂಗ್ಲಿಷ್" ಎನ್ನುತ್ತಾರೆ; ಬಾರದವರು ಸಾಲಿನ ಕೊನೆಗೆ ಹೋಗಬೇಕು. "ಇವ್ರಿಗೆ ಕನಸೂ ಇಂಗ್ಲಿಷಲ್ಲೇ ಬೀಳುತ್ತೆ ಕಣಯ್ಯಾ" ಎಂದು ಸಾಲಿನಲ್ಲಿ ನಿಂತ ನಾವು ಕಿಸಕ್ಕೆನ್ನುತ್ತೇವೆ, ಅಷ್ಟೇ. ನಿನ್ನೆ ಎದೆ ಒತ್ತಿಕೊಂಡು ಬಂದವರು ಸಾಹೇಬರ ಹೆತ್ತ ತಾಯಿ. ಅದು ಎಲ್ಲರಿಗೂ ಗೊತ್ತು. ಸಾಹೇಬರು ಅತ್ತಿತ್ತ ನೋಡಿ ಆಕೆಗೂ "ಟೆಲ್ ಇನ್ ಇಂಗ್ಲಿಷ್" ಎಂದೇ ಅಂದರು. ಮಗನ ಮಾನ ಹೋಗದಿರಲೆಂದು ಆಕೆ, "ನಂಗೆ ಬರಲ್ಲ ಸಾಹೇಬ್ರೇ, ತಪ್ಪಾಯ್ತು" ಎಂದು ಕೈಮುಗಿದು ಸಾಲಿನ ಕೊನೆಗೆ ನಡೆದರು. ನಾವೆಲ್ಲ ಸರಿದು ದಾರಿ ಬಿಟ್ಟೆವು. ನಾಳೆ ಆ ಸಾಲಿನಲ್ಲಿ ನಿಲ್ಲುವವರು ನೀವು. ದಾರಿ ಬಿಡಬೇಡಿ, ಬಾಯಿ ಬಿಡಿ.